ಎಲ್ಲರೂ ಕರೆಯುವವನು

ಮಾರ್ಚ್ 3, ಸೋಮವಾರ

ಆನ್ ಆಯ್ತಾ? ಹಾಂ, ಕೆಂಪು ಚುಕ್ಕೆ ಬಂತು.

ಬರೆದಿಡೋಣ ಅಂದ್ರೆ ಬೆರಳ ತುದಿಯೆಲ್ಲ ಬಿರುಕು. ಬ್ಲೀಚು ನೀರಲ್ಲಿ ನೆಂದ ಬೆಡ್‌ಶೀಟು ಎತ್ತಿ ಎತ್ತಿ, ಈ ಬೆರಳು ಯಾರದು ಅಂತ ನನ್ನ ಫೋನಿಗೇ ಗುರುತು ಸಿಗ್ತಿಲ್ಲ. ಅದಕ್ಕೇ ಬಾಯಲ್ಲಿ ಹೇಳ್ತಿದ್ದೀನಿ. ರೂಮಲ್ಲಿ ಹೇಳೋ ಹಾಗಿಲ್ಲ, ಗೊರಕೆ ಅಣ್ಣ ಮಲಗಿದ್ದಾನೆ. ನಮ್ಮ ಭಾಷೆಯವನೇ. ನನಗಿಂತ ಹತ್ತು ವರ್ಷ ದೊಡ್ಡವನು, ಈ ಲಾಂಡ್ರಿಗೆ ನನ್ನನ್ನ ಸೇರಿಸಿದವನೂ ಅವನೇ. ಎಚ್ಚರ ಇದ್ರೆ ಬುದ್ಧಿ ಹೇಳ್ತಾನೆ, ಮಲಗಿದ್ರೆ ಗೊರಕೆ ಹೊಡೀತಾನೆ, ಎರಡಕ್ಕೂ ಒಂದೇ ರಾಗ. ನಾನು ಬಂದು ಮೆಟ್ಟಿಲ ಮೇಲೆ ಕೂತಿದ್ದೀನಿ.

ಇವತ್ತು ಮೇಸ್ತ್ರಿ ಆ ಪದ ಹನ್ನೊಂದು ಸಲ ಅಂದ. ಎರಡೇ ಅಕ್ಷರದ ಪದ. ನಮ್ಮ ಕಡೆಯಿಂದ ಬಂದವರಿಗೆಲ್ಲ ಈ ಊರಿನವರು ಇಟ್ಟಿರೋದು. ಇಲ್ಲಿ ಹೇಳಲ್ಲ, ನನ್ನ ಫೋನು ಯಾಕೆ ಗಲೀಜಾಗಬೇಕು. "ಏ ಇಂಥವನೇ, ಆ ಗಾಡಿ ತಳ್ಳು." "ಏ ಇಂಥವನೇ, ನಿನ್ನ ಕಿವೀಲಿ ಏನು ಮೇಣ ಇದೆಯಾ?" ಇಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೀತೀವಿ. ರಕ್ತ, ವಾಂತಿ, ಇನ್ನೂ ಏನೇನೋ. ಅದೆಲ್ಲ ಅರ್ಧ ಗಂಟೇಲಿ ಹೋಗುತ್ತೆ. ಇವನ ಬಾಯಿಗೆ ಯಾವ ಸೋಪು ಹಾಕೋಣ?

ಅವನು ಹೆಸರು ಹಿಡಿದು ಕರೆಯೋದು ಕರಿಯನನ್ನ ಮಾತ್ರ. ಕರಿಯ ಅಂದ್ರೆ ನನ್ನ ಜೋಡಿ. ಇಸ್ತ್ರಿ ರೋಲರ್ ನೋಡ್ಕೊಳ್ಳೋನು. ಅದು ಕೆಟ್ಟು ನಿಂತ್ರೆ ಅವನೊಬ್ಬನಿಗೇ ಸರಿ ಮಾಡೋಕೆ ಬರೋದು, ಅದಕ್ಕೆ ಮೇಸ್ತ್ರಿಗೆ ಭಯ. ಬೇರೆ ಯಾವುದೋ ದೇಶದವನು, ನಮಗಿಂತ ದೂರದಿಂದ ಬಂದಿದ್ದಾನೆ. ಅವನೂ ನಾನೂ ಈ ಊರಿನ ಭಾಷೇಲೇ ಮಾತಾಡ್ತೀವಿ, ಇಬ್ಬರದೂ ಅರೆಬರೆ. ಅವನ ಹೆಸರು ನಾಲ್ಕಕ್ಷರ. ಮಧ್ಯೆ ಒಂದಕ್ಷರ ಗಂಟಲ ತಳದಿಂದ ಬರಬೇಕು, ನಮ್ಮ ನಾಲಿಗೆ ಹೊರಳಲ್ಲ. ಮೊದಲನೇ ದಿನ ಗೊರಕೆ ಅಣ್ಣ "ನೋಡು, ಆ ಕರಿಯನೇ ನಿನ್ನ ಜೋಡಿ" ಅಂದ, ಅದೇ ಉಳೀತು. ಕಪ್ಪಗಿದ್ದಾನೆ, ಕರಿಯ. ಅದರಲ್ಲೇನು.

ಆದ್ರೆ ಆ ಮೇಸ್ತ್ರಿ... ಸಾಕು, ನೆನೆಸ್ಕೊಂಡ್ರೆ ಇರೋ ನಿದ್ದೇನೂ ಹೋಗುತ್ತೆ.

ಮಾರ್ಚ್ 7, ಶುಕ್ರವಾರ

ಇವತ್ತು ಸ್ವಲ್ಪದರಲ್ಲಿ ಸಿಕ್ಕಿಹಾಕ್ಕೊಳ್ತಿದ್ದೆ.

ಬೆಡ್‌ಶೀಟು ಮಡಚೋದು ಒಬ್ಬರಿಂದ ಆಗೋ ಕೆಲಸ ಅಲ್ಲ. ಅವನು ಎರಡು ಮೂಲೆ ಹಿಡೀಬೇಕು, ನಾನು ಎರಡು. ಎಳೆದು ಬಿಗಿ ಮಾಡಿ, ಇಬ್ಬರೂ ಎದುರುಬದುರು ನಡ್ಕೊಂಡು ಬಂದು ಮೂಲೆಗೆ ಮೂಲೆ ಸೇರಿಸಬೇಕು. ದಿನಕ್ಕೆ ಐನೂರು ಸಲ ಹತ್ತಿರ ಬಂದು ಐನೂರು ಸಲ ದೂರ ಹೋಗ್ತೀವಿ. ಇದಕ್ಕೇ ಅಂತ ಅವನಿಗೆ ನಮ್ಮ ಮಾತು ಎರಡು ಕಲಿಸಿದ್ದೆ. "ಹಿಡಿ", "ಬಿಡು". ಇವತ್ತು ಮಡಚ್ತಾ ಮಡಚ್ತಾ ಕೇಳಿದ, "ನೀವಿಬ್ಬರೂ ನನ್ನ ಕಡೆ ನೋಡಿ 'ಕರಿಯ' ಅಂತೀರಲ್ಲ, ಏನದು?"

ಗೊರಕೆ ಅಣ್ಣ ಆ ಕಡೆ ಗಾಡಿ ತುಂಬ್ತಾ ಇದ್ದವನು ಕಣ್ಣು ಹೊಡೆದ. ನನ್ನ ಬಾಯಿಗೆ ಅದು ಎಲ್ಲಿಂದ ಬಂತೋ! "ಕರಿ ಅಂದ್ರೆ ನಮ್ಮ ಭಾಷೇಲಿ 'ಬಾ ಅಂತ ಕೂಗು' ಅಂತ. ಕರಿಯ ಅಂದ್ರೆ ಎಲ್ಲರೂ ಕರೆಯುವವನು. ಕಷ್ಟ ಬಂದ್ರೆ ಮೊದಲು ನೆನಪಾಗೋನು."

ಅದೇ ಹೊತ್ತಿಗೆ ಸರಿಯಾಗಿ ಗೊರಕೆ ಅಣ್ಣ ನನಗೆ ಕೂಗಿದ, "ಲೋ, ಗಾಡಿ ತುಂಬ್ತು, ಡ್ರೈವರನ್ನ ಕರಿಯೋ!" ನಾನು ಕೂಗಿದೆ, ಡ್ರೈವರ್ ಬಂದ. ಇನ್ನೇನು ಸಾಕ್ಷಿ ಬೇಕು? ಕರಿಯ ಎದೆ ಮೇಲೆ ಕೈ ಇಟ್ಕೊಂಡು ನಿಂತುಬಿಟ್ಟ.

"ನಮ್ಮಪ್ಪ ಹಾಗಿದ್ದ," ಅಂದ. "ಯಾರ ಮನೆ ಛಾವಣಿ ಕುಸಿದ್ರೂ ನಮ್ಮ ಬಾಗಿಲೇ ತಟ್ಟೋರು. ನನ್ನನ್ನ ಇಲ್ಲಿ ಯಾರೂ ಹಾಗೆ ಅಂದಿರ್ಲಿಲ್ಲ."

ರೂಮಿಗೆ ಬಂದ ಮೇಲೆ ಗೊರಕೆ ಅಣ್ಣ ಹೊಟ್ಟೆ ಹಿಡ್ಕೊಂಡು ನಕ್ಕ. "ನೀನು ವಕೀಲ ಆಗಬೇಕಿತ್ತು ಕಣೋ, ಬಟ್ಟೆ ಒಗೆಯೋಕೆ ಯಾಕೆ ಬಂದೆ?"

ಮಾರ್ಚ್ 12, ಬುಧವಾರ

ಇವತ್ತು ದೂರು ಕೊಟ್ಟು ಬಂದೆ.

ಗೋಡೆ ಮೇಲಿನ ಬಿಳಿ ಬೋರ್ಡಲ್ಲಿ ವಾರದ ಪಾಳಿ ಬರೀತಾರೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದ್ರೆ ನನ್ನ ಹೆಸರಿಲ್ಲ. ಹೆಸರಿರಬೇಕಾದ ಜಾಗದಲ್ಲಿ ಆ ಎರಡಕ್ಷರ, ಪಕ್ಕದಲ್ಲಿ ಅಂಕಿ. ಗೊರಕೆ ಅಣ್ಣ ಒಂದು, ನಾನು ಎರಡು. ಮೇಸ್ತ್ರೀನ ಕೇಳಿದ್ದಕ್ಕೆ, "ನಿಮ್ಮ ಹೆಸರು ಉದ್ದ, ಬೋರ್ಡಲ್ಲಿ ಜಾಗ ಎಲ್ಲಿದೆ?" ಅಂದ. ಹೆಸರು ಬಾಯಿಗೆ ಬರದವನಾದ್ರೆ ಕ್ಷಮಿಸಬಹುದು. ಇವನಿಗೆ ಬರೆಯೋಕೂ ಬರುತ್ತೆ!

ಗೊರಕೆ ಅಣ್ಣನಿಗೆ ತೋರಿಸಿದೆ. "ಸದ್ಯ, ನನಗೆ ಮೊದಲನೇ ನಂಬರ್ ಬಂದಿದೆ" ಅಂದ. ಅವನ ಜೊತೆ ಏನು ಮಾತಾಡೋದು, ಕೋಣನ ಮುಂದೆ ಕಿನ್ನರಿ.

ನೇರ ಆಫೀಸಿಗೆ ಹೋದೆ. ಅಲ್ಲಿ ಕನ್ನಡಕದ ಮೇಡಂ ಇದ್ದಾರೆ, ಕೆಲಸಗಾರರ ದೂರು ಕೇಳೋರು. ಎಲ್ಲ ಬರ್ಕೊಂಡ್ರು. ಇಪ್ಪತ್ತೈದನೇ ತಾರೀಕು ಇಬ್ಬರನ್ನೂ ಕೂರಿಸಿ ವಿಚಾರಣೆ ಅಂತೆ. ಆದ್ರೆ ಬೋರ್ಡ್ ನೋಡೋಣ ಅಂತ ಅವರು ಬರೋ ಹೊತ್ತಿಗೆ ಮೇಸ್ತ್ರಿ ಒರೆಸಿಬಿಟ್ಟಿದ್ದ. "ಸಾಕ್ಷಿ ಬೇಕಪ್ಪ," ಅಂದ್ರು. "ನಿಮ್ಮ ಕಡೆಯವರಲ್ಲದವರು ಯಾರಾದ್ರೂ ನೋಡಿದ್ರೆ ಬಲ ಬರುತ್ತೆ. ಸಾಕ್ಷಿ ಇಲ್ದಿದ್ರೆ ಸುಳ್ಳು ದೂರು ಅಂತ ಅವನು ತಿರುಗಿಸ್ತಾನೆ, ನಿನ್ನ ಕೆಲಸಕ್ಕೇ ಕುತ್ತು."

ಯಾರನ್ನ ಕೇಳೋದು? ಎಲ್ಲರೂ ನೋಡಿದ್ದಾರೆ, ಯಾರೂ ನೋಡಿಲ್ಲ. ಮಧ್ಯಾಹ್ನ ಮಡಚೋವಾಗ ಕರಿಯ ತಾನಾಗೇ ಅಂದ, "ನಾನು ನೋಡಿದ್ದೀನಿ. ನಾನು ಬರ್ತೀನಿ."

"ನಿಂಗೆ ತೊಂದ್ರೆ ಆದ್ರೆ?"

"ನಾನು ಕರಿಯ ಅಲ್ವಾ?" ಅಂತ ನಕ್ಕ. "ಕರೆದ್ರೆ ಬರಬೇಕು."

ಒಳ್ಳೆ ಮನುಷ್ಯ.

ಮಾರ್ಚ್ 16, ಭಾನುವಾರ

ಅಮ್ಮನ ಫೋನು. "ಕರಿಯಾ, ಊಟ ಆಯ್ತೇನೋ?" ಅಂತಲೇ ಶುರು. ನನ್ನನ್ನ ಮನೇಲಿ ಹುಟ್ಟಿದಾಗಿಂದ ಹಾಗೇ ಕರೆಯೋದು. ನನ್ನ ಒಡಹುಟ್ಟಿದ ಅಣ್ಣ ಬೆಳ್ಳಗೆ, ನಾನು ಕಪ್ಪು. ಪ್ರೀತಿಗೆ. ಅದಕ್ಕೇ ಹೇಳೋದು, ಕರಿಯ ಅನ್ನೋದು ಬೈಗುಳವೇ ಅಲ್ಲ. ಮೇಸ್ತ್ರಿಯ ಪದಕ್ಕೂ ಇದಕ್ಕೂ ಅಜಗಜಾಂತರ.

ಅಮ್ಮನಿಗೆ ದೂರಿನ ವಿಷಯ ಹೇಳಿದೆ. "ಅಯ್ಯೋ, ಅಂದ್ರೆ ಅಂದ್ಕೊಳ್ಳಲಿ ಬಿಡೋ, ಮೈಗೇನು ಅಂಟ್ಕೊಳ್ಳುತ್ತಾ?" ಅಂದಳು.

"ಅಂಟ್ಕೊಳ್ಳುತ್ತಮ್ಮ. ನಿಂಗೆ ಗೊತ್ತಾಗಲ್ಲ."

ಫೋನಿಟ್ಟ ಮೇಲೆ ಯಾಕೋ ಸ್ಕೂಲಿನ ಫೋಟೋ ನೆನಪಾಯ್ತು. ಎರಡನೇ ಕ್ಲಾಸು. ಫೋಟೋ ತೆಗೆಯೋ ದಿನ ಬೆಳಿಗ್ಗೆ ಮೂರು ಸಲ ಮುಖಕ್ಕೆ ಸೋಪು ಹಾಕಿ ತಿಕ್ಕಿದ್ದೆ, ಬೆಳ್ಳಗಾಗಲಿ ಅಂತ. ಕಣ್ಣಿಗೆ ಸೋಪು ಹೋಗಿ ಫೋಟೋದಲ್ಲಿ ಕಣ್ಣೇ ಬಿಟ್ಟಿಲ್ಲ. ಮನೆಯವರೆಲ್ಲ ಈಗಲೂ ಅದನ್ನ ನೋಡಿ ನಗ್ತಾರೆ. ನಾನೂ ನಗ್ತೀನಿ.

ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಸುಮ್ನೆ ನೆನಪಾಯ್ತು.

ಮಾರ್ಚ್ 17, ಸೋಮವಾರ

ಕರಿಯ ಇವತ್ತು ಒಂದು ಚೀಟಿ ತಂದು, "ನನ್ನ ಆ ಹೆಸರು ನಿಮ್ಮ ಅಕ್ಷರದಲ್ಲಿ ಹೇಗಿರುತ್ತೆ, ಬರೆದು ಕೊಡು" ಅಂದ. ಮೇಸ್ತ್ರಿ ನೋಡ್ತಾ ಇದ್ದ, ಅವಸರದಲ್ಲಿ ಬರೆದು ಕೊಟ್ಟೆ. "ಚೆನ್ನಾಗಿದೆ, ಗುಂಡು ಗುಂಡಾಗಿ" ಅಂತ ಜೇಬಿಗೆ ಹಾಕ್ಕೊಂಡ. ಒಂದು ಚೀಟಿ ತಾನೇ.

ಮಾರ್ಚ್ 19, ಬುಧವಾರ

ಹಾಳಾಗಿ ಹೋಗಲಿ.

ನಮ್ಮಲ್ಲಿ ಹರಿದ ಬಟ್ಟೆಗೆ ತೇಪೆ ಹಾಕೋ ಹೊಲಿಗೆ ಅಜ್ಜಿ ಇದ್ದಾಳೆ. ಆಸ್ಪತ್ರೆ ಬಟ್ಟೆಗೆಲ್ಲ ಕೆಂಪು ದಾರದಲ್ಲಿ ಗುರುತು ಹೊಲಿಯೋಳು. ಆ ಚೀಟಿ ಅವಳ ಹತ್ರ ಹೋಗಿದೆ. ಅವಳಿಗೆ ನಮ್ಮ ಅಕ್ಷರ ಎಲ್ಲಿ ಗೊತ್ತು, ಬಳ್ಳಿ ಬರೆದ ಹಾಗೆ ನೋಡ್ಕೊಂಡು ಒಂದೊಂದೇ ಹೊಲಿಗೆ ಹಾಕಿದ್ದಾಳೆ. ಬೆಳಿಗ್ಗೆ ಕರಿಯ ಕೆಲಸದ ಕೋಟು ಹಾಕ್ಕೊಂಡು ಬಂದ. ಜೇಬಿನ ಮೇಲೆ ಕೆಂಪಗೆ, ಮುತ್ತು ಪೋಣಿಸಿದ ಹಾಗೆ. ಕ. ರಿ. ಯ.

ಎಲ್ಲರಿಗೂ ಎದೆ ಮುಂದೆ ಮಾಡಿ ತೋರಿಸ್ದ. ಗೊರಕೆ ಅಣ್ಣ ಗಾಡಿ ಹಿಂದೆ ಹೋಗಿ ಕೂತು ಕಣ್ಣಲ್ಲಿ ನೀರು ಬರೋ ತನಕ ನಕ್ಕ. ನಾನೂ ನಕ್ಕೆ. ನಕ್ಕೆ ಅನ್ಸುತ್ತೆ.

ದಿನವಿಡೀ, ಪ್ರತಿ ಶೀಟಿಗೂ, ಹತ್ತಿರ ಬಂದಾಗೆಲ್ಲ ನನ್ನ ಕೈಬರಹ ನನ್ನ ಕಣ್ಣಿಗೇ ಚುಚ್ಚೋದು.

ಮಾರ್ಚ್ 20, ಗುರುವಾರ

ಗೊರಕೆ ಅಣ್ಣನ ಜೊತೆ ಜಗಳ. ಹೇಳಿಬಿಡ್ತೀನಿ ಅಂದೆ.

"ತಲೆ ಕೆಟ್ಟಿದೆಯಾ? ಇಪ್ಪತ್ತೈದರ ತನಕ ಬಾಯಿಗೆ ಬೀಗ ಹಾಕ್ಕೋ. ಅವನು ಸಾಕ್ಷಿ ಹೇಳ್ಲಿ. ಆಮೇಲೆ ಬೇಕಾದ್ರೆ ಕಾಲಿಗೆ ಬೀಳು."

"ನಾವು ಮಾಡಿದ್ದೂ ಅದೇ ಅಲ್ವಾ ಅಣ್ಣ?"

"ಅದು ಹೇಗೋ ಅದೇ ಆಗುತ್ತೆ? ಮೇಸ್ತ್ರಿ ಮುಖಕ್ಕೆ ಹೊಡೆದ ಹಾಗೆ ಹೇಳ್ತಾನೆ. ನಾವು ನಮ್ಮನಮ್ಮಲ್ಲಿ ಹೇಳ್ಕೊಂಡ್ವಿ. ಅವನಿಗೆ ಅರ್ಥವೇ ಆಗಿಲ್ಲ ಅಂದ್ಮೇಲೆ ನೋವೆಲ್ಲಿಂದ ಬರುತ್ತೆ?"

ಸರಿ ಅನ್ನಿಸ್ತು. ಹೇಳಲ್ಲ. ಇಪ್ಪತ್ತೈದು ಆಗಲಿ.

ಮಾರ್ಚ್ 22, ಶನಿವಾರ

ನಿದ್ದೆ ಇಲ್ಲ. ಬೇರೆ ಕಡೆ ಕೆಲಸ ನೋಡೋಣ ಅನ್ಸುತ್ತೆ. ಈ ಊರೇ ಬೇಡ.

ಮಾರ್ಚ್ 24, ಸೋಮವಾರ

ಹೇಳಿದೆ.

ಹೇಳಬೇಕು ಅಂತ ಹೋಗಿರ್ಲಿಲ್ಲ. ಬೆಳಿಗ್ಗೆ ಕರಿಯ, ಅಲ್ಲ, ರೋಲರಿನವನು, ಫೋನಲ್ಲಿ ಒಂದು ಫೋಟೋ ತೋರಿಸ್ದ. ಅವನ ಮಗಳಿಗೆ ಏಳು ವರ್ಷ. ಅಪ್ಪನ ಜೇಬು ನೋಡಿ ಬಣ್ಣದ ಪೆನ್ಸಿಲಲ್ಲಿ ಕಾಗದದ ತುಂಬ ಬರೆದಿದ್ದಾಳೆ, ನಮ್ಮ ಅಕ್ಷರದಲ್ಲಿ. 'ರಿ' ಮಾತ್ರ ತಲೆಕೆಳಗಾಗಿದೆ. ಸುತ್ತ ಸೂರ್ಯನ ಹಾಗೆ ಗೆರೆ ಎಳೆದಿದ್ದಾಳೆ.

ಮಡಚೋಕೆ ನಿಂತ್ವಿ. ಹಿಡಿ. ಎಳಿ. ನಡ್ಕೊಂಡು ಬಂದು ಮೂಲೆಗೆ ಮೂಲೆ ಸೇರೋ ಹೊತ್ತಿಗೆ ಅವನ ಮುಖ ನನ್ನ ಮುಖಕ್ಕೆ ಒಂದು ಗೇಣು. ನಾನು ಅಂದೆ, "ಆ ಪದಕ್ಕೆ ನಾನು ಹೇಳಿದ ಅರ್ಥ ಅಲ್ಲ."

"ಮತ್ತೆ?"

"ಬಣ್ಣ."

ಅವನು ಜೇಬು ನೋಡ್ಕೊಂಡ. ಕೈಯಲ್ಲಿದ್ದ ಮೂಲೆ ಬಿಡಲಿಲ್ಲ. "ಎಂದಿನಿಂದ?"

"ಮೊದಲನೇ ದಿನದಿಂದ."

ಆಮೇಲೆ ನಾನೇ ಒದರೋಕೆ ಶುರು ಮಾಡಿದೆ. ನಮ್ಮ ಮನೇಲಿ ನನ್ನನ್ನೂ ಹಾಗೇ ಕರೀತಾರೆ, ನಮ್ಮಮ್ಮನೇ ಕರೀತಾಳೆ, ಅದು ಪ್ರೀತಿ, ತಮಾಷೆ, ಅದರಲ್ಲಿ ಕೆಟ್ಟದ್ದಿಲ್ಲ, ಹಾಗೆ ಹೀಗೆ. ಅವನು ಪೂರ್ತಿ ಕೇಳಿಸ್ಕೊಂಡ.

"ನಿಮ್ಮಮ್ಮನಿಗೆ ನಿನ್ನ ಹೆಸರು ಗೊತ್ತು," ಅಂದ. "ನಿನಗೆ ನನ್ನ ಹೆಸರು ಗೊತ್ತಾ?"

ಬಾಯಿ ತೆರೆದೆ. ಮೊದಲ ಎರಡಕ್ಷರ ಬಂತು. ಆಮೇಲೆ ಗಾಳಿ.

ಮೇಸ್ತ್ರಿಗೂ ಬರೋ ಹೆಸರು ನನಗೆ ಬರಲಿಲ್ಲ.

"ಹಿಡಿ" ಅಂದ ಅವನು. ಸಂಜೆ ತನಕ ಎರಡೇ ಮಾತು. ಹಿಡಿ, ಬಿಡು. ನಾನೇ ಕಲಿಸಿದ ಮಾತು.

ನಾಳೆ ಅವನು ಬರಲ್ಲ. ಬರಬೇಕು ಅಂತ ಏನಿದೆ? ಗೊರಕೆ ಅಣ್ಣ ತಲೆ ಚಚ್ಚಿಕೊಂಡ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಒಂದೇ ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

ಮಾರ್ಚ್ 25, ಮಂಗಳವಾರ

ಎಲ್ಲಿಂದ ಶುರು ಮಾಡ್ಲಿ.

ಆಫೀಸಲ್ಲಿ ಒಂದು ಉದ್ದ ಮೇಜು. ತುದೀಲಿ ಮೇಡಂ, ಈ ಕಡೆ ನಾನು ಮತ್ತೆ ಗೊರಕೆ ಅಣ್ಣ, ಎದುರಿಗೆ ಮೇಸ್ತ್ರಿ. ಕೂದಲಿಗೆ ನೀರು ಹಚ್ಚಿ ಬಾಚ್ಕೊಂಡು ಬಂದಿದ್ದ. ಸಾಕ್ಷಿಯ ಕುರ್ಚಿ ಖಾಲಿ. ಮೇಸ್ತ್ರಿ ಶುರು ಮಾಡ್ದ. "ಮೇಡಂ, ಆ ಪದದಲ್ಲಿ ಕೆಟ್ಟದ್ದೇನಿದೆ? ನಮ್ಮಜ್ಜಿಯೂ ಹಾಗೇ ಅಂತಿದ್ದಳು. ಪ್ರೀತಿಗೆ, ತಮಾಷೆಗೆ ಅನ್ನೋದು. ಮತ್ತೆ ಬೋರ್ಡಲ್ಲಿ ನಾನು ಏನೂ ಬರೆದಿಲ್ಲ."

ಪ್ರೀತಿಗಂತೆ! ಯಾವ ಬಾಯಲ್ಲಿ ಹೇಳ್ತಾನೆ ಅಂತ ರೇಗಿ ಹೋಯ್ತು. ಆಮೇಲೆ, ಈ ಮಾತು ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತು.

ಬಾಗಿಲು ತೆರೀತು. ರೋಲರಿನ ಅಣ್ಣ ಬಂದ್ರು. ಅದೇ ಕೋಟು. ಜೇಬಿನ ದಾರ ಬಿಚ್ಚಿದ್ರು, ಆದ್ರೆ ಸೂಜಿ ತೂತುಗಳು ಹಾಗೇ ಇದ್ದವು. ಓದೋಕೆ ಬರೋವಷ್ಟು ಸ್ಪಷ್ಟವಾಗಿ.

ಕೂತು ನಿಧಾನಕ್ಕೆ ಹೇಳಿದ್ರು. ಬೋರ್ಡಲ್ಲಿ ಆ ಪದ ಇತ್ತು. ಪಕ್ಕದಲ್ಲಿ ಒಂದು, ಎರಡು ಅಂತ ಇತ್ತು. ಮೇಸ್ತ್ರಿ ತೋಳಿಂದ ಒರೆಸಿದ್ದು ನಾನೇ ನೋಡಿದೆ, ತೋಳಿಗೆ ನೀಲಿ ಇಂಕು ಆಗಿತ್ತು ಅಂದ್ರು. ಮೇಸ್ತ್ರಿ ತೋಳು ಮೇಜಿನ ಕೆಳಗೆ ಎಳ್ಕೊಂಡ.

ನಾನು ಉಸಿರು ಬಿಟ್ಟೆ. ಮೇಡಂ ಪೆನ್ನು ಮುಚ್ಚೋಕೆ ಹೋಗಿ ಕೇಳಿದ್ರು, "ಇಂಥ ಪದ ಇಲ್ಲಿ ಬೇರೆ ಯಾರಾದ್ರೂ ಬಳಸ್ತಾರಾ?"

ಗೊರಕೆ ಅಣ್ಣ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, "ಇಲ್ಲ ಇಲ್ಲ ಮೇಡಂ" ಅಂದುಬಿಟ್ಟ. ಅವನನ್ನ ಯಾರೂ ಕೇಳೇ ಇರ್ಲಿಲ್ಲ.

"ಇನ್ನೊಂದು ಪದ ಇದೆ," ಅಂದ್ರು ರೋಲರಿನ ಅಣ್ಣ. ನನ್ನ ಕಡೆ ನೋಡಿದ್ರು. ಕೋಪ ಇರ್ಲಿಲ್ಲ. ರೋಲರ್ ಬಿಸಿ ಆಗಿದೆಯಾ ಅಂತ ನೋಡ್ತಾರಲ್ಲ, ಹಾಗೆ. "ಇವನ ಭಾಷೇದು. ಇವನೇ ಹೇಳಲಿ."

ಹೇಳದೇ ಇರಬಹುದಿತ್ತು. ಗೆದ್ದಾಗಿತ್ತು. ಗೊರಕೆ ಅಣ್ಣ ಮೇಜಿನ ಕೆಳಗೆ ನನ್ನ ಕಾಲು ತುಳೀತಿದ್ದ. ಹುಟ್ಟಿದಾಗಿಂದ ಕೇಳಿದ ಪದ, ಇಷ್ಟು ಭಾರ ಇದೆ ಅಂತ ಗೊತ್ತೇ ಇರ್ಲಿಲ್ಲ. ಹೇಳಿದೆ. ಅರ್ಥ ಹೇಳಿದೆ. ಸುಳ್ಳು ಅರ್ಥ ಹೇಳಿದ್ದೂ ಹೇಳಿದೆ. ಚೀಟಿ ಬರೆದು ಕೊಟ್ಟಿದ್ದೂ. ಮೇಡಂ "ಎಷ್ಟಕ್ಷರ?" ಅಂತ ಕೇಳಿ ಬರ್ಕೊಂಡ್ರು.

ಮೇಸ್ತ್ರಿ ಕುರ್ಚಿಗೆ ಒರಗಿ ಕೂತ. "ನೋಡಿದ್ರಾ ಮೇಡಂ? ತನ್ನ ಅಂಗಳವೇ ಕೊಳೆ, ಇವನು ನಮ್ಮ ಬಾಗಿಲು ಗುಡಿಸೋಕೆ ಬಂದ."

ಮೇಡಂ ಅಂದ್ರು, "ಎರಡು ಅಂಗಳವೂ ಗುಡಿಸೋಣ."

ಸಂಜೆ ಇಬ್ಬರಿಗೂ ಎಚ್ಚರಿಕೆ ಪತ್ರ ಬಂತು. ನನಗೂ ಮೇಸ್ತ್ರಿಗೂ! ಅದೇ ಕಾಗದ, ಅದೇ ವಾಕ್ಯ, ಮೇಲಿನ ಹೆಸರು ಮಾತ್ರ ಬೇರೆ. ಇನ್ನೊಂದು ಸಲ ಆದ್ರೆ ಕೆಲಸ ಇಲ್ಲ. ನನ್ನನ್ನ ಮಡಚೋದರಿಂದ ತೆಗೆದು ಒದ್ದೆ ಬಟ್ಟೆ ಕಡೆ ಹಾಕಿದ್ದಾರೆ. ದೂರು ಕೊಟ್ಟವನೂ ನಾನು, ಶಿಕ್ಷೆಯೂ ನನಗೆ. ಯಾರಿಗೆ ಹೇಳೋದು ಇದನ್ನ?

ಆ ಪತ್ರದಲ್ಲಿ ನನ್ನ ಹೆಸರು ಪೂರ್ತಿ ಇದೆ, ಸರಿಯಾಗಿ ಬರೆದಿದ್ದಾರೆ. ಈ ಊರಲ್ಲಿ ಮೊದಲನೇ ಸಲ.

ಏಪ್ರಿಲ್ 2, ಬುಧವಾರ

ಗೋಡೆಗೆ ನೋಟೀಸ್ ಅಂಟಿಸಿದ್ದಾರೆ. ಈ ಪದಗಳನ್ನ ಬಳಸಬಾರದು ಅಂತ ಎರಡು ಪದ. ಎರಡನೇದು ನಮ್ಮದು, ಈ ಊರಿನ ಅಕ್ಷರದಲ್ಲಿ, ಅದೂ ತಪ್ಪಾಗಿ. 'ಕರಿ' ಅಂತ ಮಾತ್ರ ಇದೆ, ಬಾಲವೇ ಇಲ್ಲ. ಬೈಗುಳವನ್ನೂ ನೆಟ್ಟಗೆ ಬರೆಯೋಕೆ ಬರಲ್ಲ ಇವರಿಗೆ.

ಅದರಿಂದ ಆಗ್ತಿರೋ ಫಜೀತಿ ಒಂದಲ್ಲ. ಇವತ್ತು ಗೊರಕೆ ಅಣ್ಣ ಎಂದಿನ ಹಾಗೆ "ಡ್ರೈವರನ್ನ ಕರಿಯೋ!" ಅಂತ ಕಿರುಚಿದ. ಇಡೀ ಲಾಂಡ್ರಿ ತಿರುಗಿ ನೋಡ್ತು. ಹೊಲಿಗೆ ಅಜ್ಜಿ ಕತ್ತರಿ ಎತ್ತಿ ತೋರಿಸಿದಳು. "ಕೂಗು, ಕೂಗು ಅಂದೆ!" ಅಂತ ಅವನು ಬೆವರು ಒರೆಸ್ಕೊಂಡ. ಮೇಸ್ತ್ರಿ ಈಗ ಎಲ್ಲರಿಗೂ ಬಹುವಚನ, ಹಲ್ಲು ನೋವು ಬಂದವನ ಮುಖ ಮಾಡ್ಕೊಂಡು. ಬೋರ್ಡಲ್ಲಿ ನಮ್ಮ ಹೆಸರಿದೆ. ಜಾಗ ಸಾಕಾಗಿದೆ.

ಮಧ್ಯಾಹ್ನ ರೋಲರಿಗೆ ಶೀಟು ಸುತ್ಕೊಂಡು ನಿಂತುಹೋಯ್ತು. ರೋಲರಿನ ಅಣ್ಣ ಆ ತುದೀಲಿ ಊಟಕ್ಕೆ ಕೂತಿದ್ರು. ಹತ್ತಿರ ಇದ್ದವನು ನಾನೊಬ್ಬನೇ, ಕೂಗಬೇಕಿತ್ತು. ಒಂದು ವಾರದಿಂದ ಒಗೆಯೋ ಡ್ರಮ್ಮಿನ ಸದ್ದಲ್ಲಿ ಯಾರಿಗೂ ಕೇಳಿಸದ ಹಾಗೆ ಅವರ ಹೆಸರು ಹೇಳಿ ಹೇಳಿ ನೋಡ್ತಿದ್ದೆ. ಸುಮ್ನೆ, ಹೊತ್ತು ಹೋಗ್ಲಿ ಅಂತ. ಕೂಗಿದೆ. ನಾಲ್ಕೂ ಅಕ್ಷರ.

ತಿರುಗಲಿಲ್ಲ. ಮತ್ತೆ ಕೂಗಿದೆ. ಈ ಸಲ ಡಬ್ಬಿ ಮುಚ್ಚಿ ಎದ್ದು ಬಂದ್ರು. ಶೀಟು ಬಿಡಿಸಿದ್ರು, ಕೈ ಒರೆಸ್ಕೊಂಡ್ರು. ಹೋಗ್ತಾ ತಮ್ಮ ಗಂಟಲ ಮೇಲೆ ಬೆರಳಿಟ್ಟು ತೋರಿಸಿದ್ರು. "ಮೂರನೇದು ಇಲ್ಲಿಂದ. ಬಾಯಿಂದ ಅಲ್ಲ." ನಗಲಿಲ್ಲ. ಅಷ್ಟೇ ಹೇಳಿ ಹೋದ್ರು.

ಗಂಟಲು ಉರೀತಿದೆ. ಬ್ಲೀಚಿಂದ ಇರಬೇಕು.

ಈಗ ಸ್ವಲ್ಪ ಮುಂಚೆ ಅಮ್ಮನ ಫೋನು. "ಕರಿಯಾ, ಊಟ ಆಯ್ತೇನೋ?"

"ಅಮ್ಮಾ, ಹೆಸರು ಹಿಡಿದು ಕರಿ."

"ಯಾವ ಹೆಸರೋ?"

"ನೀನೇ ಇಟ್ಟಿದ್ದು."

"ಯಾಕೋ, ಮೈ ಹುಷಾರಿಲ್ವಾ?"

"ಹುಷಾರಾಗಿದ್ದೀನಿ. ನಿದ್ದೆ ಸಾಲಲ್ಲ, ಅಷ್ಟೇ."

ಅಮ್ಮ ಒಂದು ಸಲ ಗಂಟಲು ಸರಿ ಮಾಡ್ಕೊಂಡಳು. ಸ್ಕೂಲಲ್ಲಿ ಹಾಜರಿ ಕರೆದ ಹಾಗೆ, ಪೂರ್ತಿ ಹೆಸರು ಕರೆದಳು. ಮೆಟ್ಟಿಲ ಮೇಲೆ ಕೂತಿದ್ದವನು ಎದ್ದು ನಿಂತೇಬಿಟ್ಟೆ.